ಸುಂಕದ ಪರವಾಗಿ ಬರೆದವಳು

"ಟಿ. ಬ್ರಾಂಡ್ಟ್ ಅನ್ನೋನು ಯಾರು ಇಲ್ಲಿ? ಅವನ ಹತ್ರ ಎರಡು ಮಾತಾಡೋದಿದೆ."

ನಮ್ಮ ಕಾಲೇಜು ಪತ್ರಿಕೆಯ ಆಫೀಸು ಇದ್ದದ್ದು ಲೈಬ್ರರಿಯ ನೆಲಮಾಳಿಗೆಯಲ್ಲಿ. ಬಾಗಿಲಲ್ಲಿ ನಿಂತವನು ವಿದ್ಯಾರ್ಥಿಯಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ದಪ್ಪ ಕ್ಯಾನ್ವಾಸ್ ಜಾಕೆಟ್ಟು, ಹಸಿರುಗಪ್ಪಾದ ಬೆರಳ ತುದಿಗಳು, ಕೈಯಲ್ಲಿ ನಾಲ್ಕಾಗಿ ಮಡಚಿದ ನಮ್ಮ ಗುರುವಾರದ ಸಂಚಿಕೆ. ಜಗಳಕ್ಕೆಂದೇ ಬಂದವನು, ಆದರೂ ಒಳಗೆ ಕಾಲಿಡುವ ಮೊದಲು ಬೂಟಿಗಂಟಿದ ಹಿಮವನ್ನು ಎರಡೆರಡು ಸಲ ಒರೆಸಿಕೊಂಡ. ನನಗೆ ಅಲ್ಲೇ ನಗು ಬಂತು.

"ಏನ್ ಮಾಡಿದ ಅವನು?" ಅಂದೆ.

"ಹೊರಗಿನ ಲೋಹಕ್ಕೆ ಸುಂಕ ಹಾಕಿದ್ರೆ ನಮ್ಮಂಥ ಊರುಗಳು ಉದ್ಧಾರ ಆಗ್ತವೆ ಅಂತ ಬರೆದಿದಾನೆ. ಇಂಥವನ ಕೈಗೆ ಒಂದು ದಿನ ಸುತ್ತಿಗೆ ಕೊಟ್ಟು ನೋಡ್ಬೇಕು."

"ಅವನು ಹೇಗಿರ್ತಾನೆ ಅನ್ಕೊಂಡಿದೀರಿ?"

"ಗಡ್ಡ ಬಿಟ್ಕೊಂಡು, ಕಾಫಿ ಹೀರ್ತಾ ಕೂತಿರ್ತಾನೆ. ಆ ಥರದವರನ್ನ ನಾನು ನೋಡಿಲ್ವಾ?"

"ಕಾಫಿ ನಿಜ," ಅಂತ ಲೋಟ ಎತ್ತಿ ತೋರಿಸಿದೆ. "ಗಡ್ಡ ಮಾತ್ರ ಇನ್ನೂ ಬಂದಿಲ್ಲ. ನಾನೇ ಥಿಯಾ ಬ್ರಾಂಡ್ಟ್."

ಅವನು ನನ್ನ ಗಲ್ಲವನ್ನೇ ನೋಡಿದ. ಗಡ್ಡ ಹುಡುಕುತ್ತಿದ್ದಾನೇನೋ ಅನ್ನಿಸುವಷ್ಟು ಹೊತ್ತು ನೋಡಿದ. ಆಮೇಲೆ ಕಿವಿಗಳು ಕೆಂಪಾದವು. ಮೊದಲು ಎಡಗಿವಿ, ಹಿಂದೆಯೇ ಬಲಗಿವಿ.

ಹೆಸರು ಎಮೆಟ್ ಸೋವರ್ಡ್. ಇಂಡಿಯಾನಾದ ನಮ್ಮ ಆ ಸಣ್ಣ ಊರಿನಲ್ಲಿ ಶಾಲಾ ಬ್ಯಾಂಡುಗಳಿಗೆ ಟ್ರಾಂಬೋನು, ಟ್ಯೂಬಾದಂಥ ಊದುವ ವಾದ್ಯ ಮಾಡುವ ಹಳೇ ಕಾರ್ಖಾನೆ ಒಂದಿತ್ತು. ಹಿತ್ತಾಳೆ ಹಾಳೆಯನ್ನು ತಟ್ಟಿ ತಟ್ಟಿ ವಾದ್ಯದ ಅಗಲ ಬಾಯಿ ಮಾಡುವುದು ಅವನ ಕೆಲಸ. ಆ ತೆಳು ಹಾಳೆ ಬರುತ್ತಿದ್ದದ್ದು ಸಮುದ್ರದಾಚೆಯಿಂದ.

"ಇಲ್ಲೇ ಮಾಡಿಸಿ," ಅಂದೆ.

"ಯಾರು ಮಾಡ್ತಾರೆ? ನಮಗೆ ಹಾಳೆ ಕೊಡ್ತಿದ್ದ ಗಿರಣಿ ಮುಚ್ಚಿ ಹದಿನೈದು ವರ್ಷ ಆಯ್ತು."

"ಅದನ್ನೇ ರೀ ನಾನು ಬರೆದಿರೋದು! ಆಗಲೇ ಸುಂಕ ಹಾಕಿದ್ರೆ ಆ ಗಿರಣಿ ಉಳೀತಿತ್ತು."

"ಸರಿ, ಹೊಸ ಗಿರಣಿ ಬರೋದು ಯಾವಾಗ? ಅಷ್ಟರವರೆಗೆ ನಾನು ಏನು ತಟ್ಲಿ, ನಿಮ್ಮ ಪೇಪರನ್ನಾ?"

ಮೂರು ವರ್ಷ ಅರ್ಥಶಾಸ್ತ್ರ ಓದಿದವಳಿಗೆ ಅಂದು ಮೊದಲ ಸಲ ಬಾಯಿ ಕಟ್ಟಿತು. ಅವನಿಗೆ ಅದು ಗೊತ್ತಾಯಿತು, ಆದರೂ ಗೆದ್ದವನ ಹಾಗೆ ನಗಲಿಲ್ಲ. "ಊಟ ಆಯ್ತಾ ನಿಮ್ದು?" ಅಂತ ಕೇಳಿದ. ನಾನು ಸೋತದ್ದು ಆ ಪ್ರಶ್ನೆಗೆ.

*

ನಾನು ಸುಮ್ಮನೆ ಹಾಗೆ ಬರೆದವಳಲ್ಲ. ನನ್ನ ಅಪ್ಪ ಸರೋವರದ ದಂಡೆಯ ಉಕ್ಕಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ. ಅಗ್ಗದ ಉಕ್ಕು ಹಡಗು ಹಡಗಾಗಿ ಬಂದು ಇಳಿಯಿತು, ಗಿರಣಿಗೆ ಬೀಗ ಬಿತ್ತು. ಆಮೇಲೆ ಅಪ್ಪ ಊಟದ ಮೇಜಿನ ಮುಂದೆ ಮಾತಾಡುವುದನ್ನೇ ಬಿಟ್ಟ. ನಾನಾಗ ಎಂಟು ವರ್ಷದವಳು. ಅವನು ಮಾತು ಬಿಟ್ಟದ್ದಕ್ಕೆ ಯಾರು ಕಾರಣ ಅಂತ ಹುಡುಕುತ್ತಾ ಹುಡುಕುತ್ತಾ ಅರ್ಥಶಾಸ್ತ್ರದ ತರಗತಿಗೆ ಬಂದು ಕೂತಿದ್ದೆ. ನನ್ನ ಅಭಿಪ್ರಾಯಗಳೆಲ್ಲ ಆ ಮೇಜಿನ ಸುತ್ತಲೇ ಹುಟ್ಟಿದವು.

ಇದನ್ನು ಹೇಳಿದ ದಿನ ಎಮೆಟ್ ವಾದ ಮಾಡಲಿಲ್ಲ. ಕೋರ್ಟಿನ ಎದುರಿನ ಡೈನರ್ ಹೋಟೆಲಿನಲ್ಲಿ ಕೂತಿದ್ದೆವು. ತಟ್ಟೆಗಿಂತ ಅಗಲವಾದ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು ಎರಡು ಪಾಲು ಮಾಡಿ ದೊಡ್ಡದನ್ನು ನನ್ನ ಕಡೆ ತಳ್ಳಿದ.

"ನಿಮ್ಮಪ್ಪ ಈಗಲೂ ಮಾತಾಡಲ್ವಾ?"

"ಹವಾಮಾನದ ಬಗ್ಗೆ ಮಾತಾಡ್ತಾನೆ."

"ಮುಂದಿನ ಸಲ ಹೋದಾಗ ನನ್ನೂ ಕರ್ಕೊಂಡು ಹೋಗು. ಹವಾಮಾನದ ಬಗ್ಗೆ ನಾನೂ ಚೆನ್ನಾಗಿ ಮಾತಾಡ್ತೀನಿ."

'ನೀವು' ಹೋಗಿ 'ನೀನು' ಬಂದಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡೆವು, ಇಬ್ಬರೂ ಕೇಳಿಸದವರ ಹಾಗೆ ಸ್ಯಾಂಡ್‌ವಿಚ್ ತಿಂದೆವು.

ಒಂದು ಶನಿವಾರ ಕಾರ್ಖಾನೆಗೆ ಕರೆದೊಯ್ದ. ನನ್ನ ಕೈಗೆ ಮರದ ಸುತ್ತಿಗೆ ಕೊಟ್ಟು, ಹಿಂದೆ ನಿಂತು, ಮಣಿಕಟ್ಟು ಹಿಡಿದ. "ಜೋರಾಗಿ ಹೊಡೀಬೇಡ. ಹಿತ್ತಾಳೆಗೆ ಕೋಪ ಬರುತ್ತೆ."

"ಕೋಪ ಬಂದ್ರೆ?"

"ಸೀಳು ಬಿಡುತ್ತೆ. ಮೆತ್ತಗೆ, ಬಿಡದೆ, ಒಂದೇ ಸಮ. ಹಾಂ, ಹಾಗೆ."

ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ನನ್ನ ಏಟು ತಪ್ಪಿತು. ಮುಂದಿನದೂ ತಪ್ಪಿತು.

"ಬರೆಯೋದೇ ವಾಸಿ ನಿಂಗೆ," ಅಂದ.

ತಿರುಗಿ ಅವನ ಬಾಯಿಗೆ ಮುತ್ತು ಕೊಟ್ಟೆ. ಕಿವಿಗಳು ಮತ್ತೆ ಕೆಂಪಾದವು. ಈ ಸಲ ಎರಡೂ ಒಟ್ಟಿಗೆ.

*

ಸುಂಕ ಬಂತು. ನಾನು ಬೇಡಿದ್ದೇ ಬಂತು.

ಕಾರ್ಖಾನೆಯ ವಾದ್ಯಗಳ ಬೆಲೆ ಏರಿತು, ಶಾಲೆಗಳು ಆರ್ಡರು ಹಿಂದಕ್ಕೆ ಪಡೆದವು. ಜನವರಿಯಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ, ಫೆಬ್ರವರಿಯಲ್ಲಿ ಮೂರೇ ದಿನ. ಅದೇ ಹೊತ್ತಿಗೆ ವಾಷಿಂಗ್ಟನ್ನಿನ ಒಂದು ಆರ್ಥಿಕ ನೀತಿ ಸಂಸ್ಥೆಯವರು ನನ್ನ ಅಂಕಣ ಮೆಚ್ಚಿ ಕಾಗದ ಬರೆದರು. ಪದವಿ ಮುಗಿದ ಕೂಡಲೇ ಬಂದು ಸೇರಬಹುದು, ಸುಂಕದ ಪರವಾಗಿ ಬರೆಯುವ ಎಳೆಯರು ನಮಗೆ ಬೇಕು ಅಂತ. ಆ ಕಾಗದವನ್ನು ಎಮೆಟ್‌ಗೆ ತೋರಿಸಲು ನನಗೆ ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಅವನ ಪಿಕಪ್ ಟ್ರಕ್ಕಿನಲ್ಲಿ ಕೂತಿದ್ದೆವು. ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಹೇಳಿದ.

"ಅಮ್ಮ ಹೃದಯದ ಮಾತ್ರೆನ ಚಾಕುವಿಂದ ಎರಡು ಹೋಳು ಮಾಡಿ ತಗೋತಿದಾಳೆ, ಥಿಯಾ. ಅರ್ಧ ಇವತ್ತಿಗೆ, ಅರ್ಧ ನಾಳೆಗೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ."

ಅವನ ಬೆನ್ನ ಮೇಲೆ ಕೈಯಿಟ್ಟೆ. ಬೆನ್ನು ನಡುಗುತ್ತಿತ್ತು. ಇಡೀ ದೇಶದ ಹಣೆಬರಹ ಬರೆಯುವವಳ ಹಾಗೆ ಮೆರೆದಿದ್ದೆ, ಈ ಒಂದು ಬೆನ್ನಿನ ನಡುಕ ನಿಲ್ಲಿಸುವುದು ನನ್ನಿಂದ ಆಗಲಿಲ್ಲ.

ಮರುದಿನ ಬರೆದೆ. 'ನಾನು ಕೇಳಿದ್ದು ಸಿಕ್ಕಿತು' ಅಂತ ತಲೆಬರಹ. ಗಿರಣಿ ಕಟ್ಟದೆ ಬರೀ ಗೋಡೆ ಕಟ್ಟಿದರೆ ಗೋಡೆಯೊಳಗಿನವರೇ ಹಸಿಯುತ್ತಾರೆ ಅಂತ ಬರೆದೆ. ಕಾರ್ಖಾನೆಯ ಹೆಸರು ಬರೆದೆ. ಹಿತ್ತಾಳೆ ತಟ್ಟುವ ಒಬ್ಬನ ತಾಯಿ ಮಾತ್ರೆ ಹೋಳು ಮಾಡುವುದನ್ನೂ ಬರೆದೆ. ಅವಳ ಹೆಸರು ಹಾಕಲಿಲ್ಲ, ಅಷ್ಟು ಎಚ್ಚರ ಸಾಕು ಅಂದುಕೊಂಡೆ. ವಾಷಿಂಗ್ಟನ್ನಿನ ಬಾಗಿಲು ಇದರೊಂದಿಗೆ ಮುಚ್ಚುತ್ತದೆ ಅಂತ ಗೊತ್ತಿತ್ತು, ಮುಚ್ಚಿತು ಕೂಡ. ಪ್ರೀತಿಗಾಗಿ ಏನನ್ನೋ ಬಿಟ್ಟುಕೊಟ್ಟೆ ಅಂತ ಒಳಗೊಳಗೇ ಬೀಗಿದೆ.

ಲೇಖನ ಎಲ್ಲೆಲ್ಲೋ ಹರಡಿತು. ದೊಡ್ಡ ಪತ್ರಿಕೆಗಳು ಮರುಮುದ್ರಿಸಿದವು.

ಹಿತ್ತಾಳೆ ತಟ್ಟುವವರು ಊರಲ್ಲಿ ಇದ್ದದ್ದೇ ನಾಲ್ಕು ಜನ. ಅವರಲ್ಲಿ ತಾಯಿ ಬದುಕಿದ್ದವನು ಒಬ್ಬನೇ.

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಲೊರೀನ್ ಸೋವರ್ಡ್ ಅಂತ ಹೆಸರು ಹಿಡಿದು ಪ್ರಾರ್ಥನೆ ಮಾಡಿಸಿದರು. ಎಲ್ಲ ಬೆಂಚುಗಳಿಂದಲೂ ತಲೆಗಳು ತಿರುಗಿದವು. ಪಕ್ಕದ ಬೀದಿಯ ಹೆಂಗಸರು ಅಡುಗೆ ಮಾಡಿ, ಪಾತ್ರೆಗೆ ಫಾಯಿಲ್ ಹಾಳೆ ಮುಚ್ಚಿ, ಮೆಟ್ಟಿಲ ಮೇಲಿಟ್ಟು ಹೋದರು. ಶಾಲೆಯ ಊಟದ ಕೌಂಟರಿನಲ್ಲಿ ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಬಡಿಸಿದ ಹೆಂಗಸು ಲೊರೀನ್.

ಎಮೆಟ್ ಸೋಮವಾರ ಬೆಳಿಗ್ಗೆ ಬಂದ. ಆ ದಿನ ಬೂಟು ಒರೆಸಿಕೊಳ್ಳಲಿಲ್ಲ.

"ನಿನಗೆ ಹೇಳಿದೆ ನಾನು. ಪೇಪರಿಗೆ ಹೇಳ್ಲಿಲ್ಲ."

"ಎಮೆಟ್, ನಿಮಗೆ ಒಳ್ಳೇದಾಗ್ಲಿ ಅಂತ..."

"ಗೊತ್ತು. ಮೊದಲಿಂದೂ ನೀನು ಒಳ್ಳೇದಾಗ್ಲಿ ಅಂತಾನೇ ಬರೀತಿರೋದು. ಒಂದು ಮಾತು ಕೇಳ್ಬೇಕಿತ್ತು ಕಣೇ. ಒಂದೇ ಒಂದು ಮಾತು."

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮೆತ್ತಗೆ ಹೇಳಿ ಹೊರಟುಹೋದ.

*

ಆಮೇಲಿನ ಐದು ವಾರ ಹೇಗೆ ಕಳೆದವೋ ಹೇಳಲಾರೆ. ಫೋನು ಮಾಡಿದೆ, ಎತ್ತಲಿಲ್ಲ. ಸಂದೇಶ ಕಳಿಸಿದೆ, ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಕಾರ್ಖಾನೆಯ ಗೇಟಿನ ಮುಂದೆ ಹೋಗಿ ನಿಂತೆ. ಅವನು ಗೆಳೆಯರ ನಡುವೆ ನನ್ನ ಪಕ್ಕದಲ್ಲೇ ಹಾದುಹೋದ. ಒಂದು ಕ್ಷಣ ಕಣ್ಣು ಕೂಡಿತು. ಬೈಗುಳ ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ, ಆ ಕಣ್ಣಲ್ಲಿ ನನ್ನಷ್ಟೇ ಸಂಕಟ ಇತ್ತು. ತರಗತಿಯಲ್ಲಿ ಪ್ರೊಫೆಸರು ಸುಂಕದ ಹೊರೆ ಕೊನೆಗೆ ಯಾರ ಮೇಲೆ ಬೀಳುತ್ತದೆ ಅಂತ ಗೆರೆ ಎಳೆದು ತೋರಿಸುತ್ತಿದ್ದರು. ನಾನು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಆ ವಾರ, ಅದರ ಮುಂದಿನ ವಾರ, ನನ್ನ ಅಂಕಣದ ಜಾಗದಲ್ಲಿ ಪಿಜ್ಜಾ ಅಂಗಡಿಯ ಜಾಹೀರಾತು ಬಂತು.

ಏಪ್ರಿಲ್ ಮೊದಲ ವಾರ ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಎಮೆಟ್ ಕ್ಯಾನ್ಸಸ್ಸಿನ ವಿಚಿಟಾಕ್ಕೆ, ವಿಮಾನದ ತಗಡು ಕೆಲಸಕ್ಕೆ ಹೋಗುತ್ತಾನಂತೆ ಅಂತ ಡೈನರಿನವಳು ಹೇಳಿದಳು. ಯಾವತ್ತು ಅಂದೆ. ಇವತ್ತೇ ಅಂತ ಕಾಣುತ್ತೆ ಅಂದಳು.

ಓಡಿದೆ. ಅವನ ಮನೆ ಬಾಗಿಲು ತೆರೆದದ್ದು ಅವನ ಅಮ್ಮ.

"ಮಿಸೆಸ್ ಸೋವರ್ಡ್, ನಾನು..."

"ಯಾರು ಅಂತ ಗೊತ್ತು. ಒಳಗೆ ಬಾ, ಗಾಳಿ ಬರುತ್ತೆ."

ನಿಂತೇ ಇದ್ದೆ. "ನಿಮ್ಮನ್ನ ಕೇಳದೆ ಬರೆದೆ. ನಿಮ್ಮ ಅಡುಗೆಮನೆಯ ವಿಷಯ ಅದು, ನನ್ನದಲ್ಲ. ಕ್ಷಮಿಸಿ ಅನ್ನೋಕೂ ಮುಖ ಇಲ್ಲ ನನಗೆ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ಬರೆದದ್ದು ಸುಳ್ಳಾಗಿದ್ರೆ ಉಗಿದು ಸುಮ್ಮನಾಗ್ತಿದ್ದೆ. ನಿಜ ಇತ್ತು ನೋಡು, ಅದಕ್ಕೇ ಮೈ ಉರೀತು. ಸುಂಕ ಹಾಕ್ತೀನಿ ಅಂದೋರಿಗೇ ನಾನೂ ವೋಟು ಹಾಕಿದ್ದು, ಗೊತ್ತಾ? ಈ ಊರು ಮತ್ತೆ ಎದ್ದು ನಿಲ್ಲುತ್ತೆ ಅಂತ."

"ನಾನೂ ಹಾಗೇ ಅಂದುಕೊಂಡಿದ್ದೆ."

"ಹೂಂ. ಆಸೆ ಇಟ್ಕೊಂಡೋರು ನಾವಿಬ್ಬರೂ." ಕೈಲಿದ್ದ ಒರೆಸುವ ಬಟ್ಟೆ ಮಡಚಿದರು. "ಈಗ ಮಾತ್ರೆ ಇಡಿಯಾಗೇ ತಗೋತೀನಿ. ಎಮೆಟ್ ದಿನಾ ಎದುರಿಗೆ ನಿಂತು ನುಂಗಿಸ್ತಾನೆ, ಪೋಲೀಸಿನವನ ಹಾಗೆ. ಪೆಟ್ರೋಲ್ ಹಾಕಿಸೋಕೆ ಹೈವೇ ಹತ್ರ ಹೋಗಿದಾನೆ, ಅಲ್ಲಿಂದ ಹಾಗೇ ಹೊರಡ್ತಾನೆ. ಇಲ್ಲಿ ನಿಂತು ಅತ್ರೆ ಸಿಗ್ತಾನಾ? ಹೋಗು!"

*

ಪೆಟ್ರೋಲ್ ಬಂಕಿನಲ್ಲಿ ಎಮೆಟ್ ಟ್ರಕ್ಕಿನ ಸಾಮಾನಿಗೆ ಹೊದಿಸಿದ ಟಾರ್ಪಾಲಿನ ಹಗ್ಗ ಬಿಗಿಯುತ್ತಿದ್ದ. ನನ್ನನ್ನು ನೋಡಿ ಕೈ ನಿಂತಿತು.

"ತಪ್ಪು ಮಾಡಿದೆ," ಅಂದೆ ಏದುಸಿರಲ್ಲಿ.

"ಸುಂಕದ ವಿಷಯದಲ್ಲಾ?"

"ಅದು ಇನ್ನೂ ಪೂರ್ತಿ ಗೊತ್ತಾಗಿಲ್ಲ ನನಗೆ. ನಿನ್ನ ವಿಷಯದಲ್ಲಿ."

ಅವನ ತುಟಿಯಂಚು ಅಲುಗಿತು. ನಗುವಾಗಲಿಲ್ಲ. "ಈ ಊರಲ್ಲಿ ತಪ್ಪು ಒಪ್ಕೊಳ್ಳೋವಾಗಲೂ ವಾದ ಮಾಡೋಳು ನೀನೊಬ್ಬಳೇ."

"ನನ್ನನ್ನೂ ಕರ್ಕೊಂಡು ಹೋಗು."

"ಥಿಯಾ, ಪದವಿಗೆ ಇನ್ನು ಒಂದೇ ತಿಂಗಳು."

"ಪದವಿ ಹಾಳಾಗ್ಲಿ! ಐದು ವಾರ ನನಗೆ ಊಟ ಸೇರಿಲ್ಲ, ಒಂದು ಸಾಲು ಬರೆಯೋಕಾಗಿಲ್ಲ. ಜಗತ್ತಿನಲ್ಲಿ ಎಲ್ಲದರ ಬಗ್ಗೆ ನನಗೆ ಅಭಿಪ್ರಾಯ ಇತ್ತು ಎಮೆಟ್, ಈಗ ಒಂದೂ ಇಲ್ಲ. ನಿನ್ನ ಪ್ರೀತಿಸ್ತೀನಿ ಅನ್ನೋದೊಂದೇ ಉಳಿದಿರೋದು. ಅದು ಅಭಿಪ್ರಾಯ ಅಲ್ಲ."

ಹಗ್ಗ ಬಿಟ್ಟು ಬಂದು ನನ್ನನ್ನು ಅಪ್ಪಿಕೊಂಡ. ನನ್ನ ತಲೆಗೂದಲಲ್ಲಿ ಮುಖ ಹುದುಗಿಸಿ ಅತ್ತ. ಗಂಡಸು ಅತ್ತರೆ ಮೈಯೆಲ್ಲ ಅಳುತ್ತದೆ ಅಂತ ಅಂದು ನೋಡಿದೆ.

"ನನಗೂ ಅಷ್ಟೇ ಕಣೇ," ಅಂದ. "ಕೋಪ ಹೋಗಿ ಎಷ್ಟೋ ದಿನ ಆಯ್ತು. ಕೆಲಸ ಹೋದೋನು ಯಾವ ಮುಖ ಇಟ್ಕೊಂಡು ನಿನ್ನ ಫೋನ್ ಎತ್ಲಿ? ನಿಮ್ಮಪ್ಪನ ಹಾಗೆ ಮೇಜಿನ ಮುಂದೆ ಮಾತು ಬಿಟ್ಟು ಕೂತೋನನ್ನ ನೀನು ಇನ್ನೊಂದು ಸಲ ನೋಡ್ಬೇಕಾ?"

"ಮಾತಾಡ್ಸೋಕೆ ನನಗೆ ಬರುತ್ತೆ."

"ಅದು ನಿಜ." ನನ್ನ ಕಣ್ಣನ್ನು ತನ್ನ ಒರಟು ಹೆಬ್ಬೆರಳಿಂದ ಒರೆಸಿದ. "ಓದು ಮುಗಿಸು. ನಾನು ಅಲ್ಲಿ ಒಂದು ನೆಲೆ ಕಂಡ್ಕೋತೀನಿ. ಒಂದೇ ಒಂದು ಕೇಳ್ತೀನಿ, ಕೊಡ್ತೀಯಾ?"

"ಏನು?"

"ನನ್ನ ಬಗ್ಗೆ ಬರೀಬೇಡ. ನನಗೆ ಬರಿ."

ಟ್ರಕ್ಕು ಹೈವೇ ಸೇರಿ, ಲಾರಿಗಳ ನಡುವೆ ಸಣ್ಣದಾಗಿ, ಇಲ್ಲವಾಯಿತು. ಪಂಪಿನ ಪಕ್ಕ ಎಷ್ಟು ಹೊತ್ತು ನಿಂತಿದ್ದೆನೋ. ಬಂಕಿನ ಅಂಗಡಿಯಾಕೆ ಬಂದು, "ಒಳಗೆ ಬಂದು ಕೂತ್ಕೋ ಕಣಮ್ಮ," ಅಂದಾಗಲೇ ಅಲ್ಲಿಂದ ಕದಲಿದ್ದು.

ಆ ತಿಂಗಳು ಅವನಿಗೆ ಇಪ್ಪತ್ತಾರು ಕಾಗದ ಬರೆದೆ. ಯಾವುದರಲ್ಲೂ ದೇಶದ ಸುದ್ದಿ ಇರಲಿಲ್ಲ. ಮಿಸೆಸ್ ಸೋವರ್ಡ್ ಜೊತೆ ಕೂತು ಬೀನ್ಸ್ ಬಿಡಿಸಿದ್ದು, ಅಪ್ಪನಿಗೆ ಫೋನು ಮಾಡಿ ಎಮೆಟ್‌ನ ಬಗ್ಗೆ ಹೇಳಿದ್ದು, ಅಪ್ಪ "ವಿಚಿಟಾದಲ್ಲಿ ಗಾಳಿ ಜಾಸ್ತಿ," ಅಂದದ್ದು. ಎಮೆಟ್‌ನ ಉತ್ತರಗಳು ಚಿಕ್ಕವು, ಕಾಗುಣಿತ ತಪ್ಪಿದವು. ಒಂದೊಂದನ್ನೂ ಬಾಯಿಪಾಠ ಆಗುವಷ್ಟು ಸಲ ಓದಿದೆ.

ಮೇ ತಿಂಗಳಲ್ಲಿ ಪತ್ರಿಕೆಯವರು ಕೊನೆಯ ಸಂಚಿಕೆಗೆ ಏನಾದರೂ ಕೊಡು ಅಂದರು. ನನ್ನೊಳಗೆ ಇದ್ದದ್ದು ಇದೊಂದೇ ಕಥೆ. ಮಿಸೆಸ್ ಸೋವರ್ಡ್ ಹತ್ತಿರ ಹೋಗಿ ಕೇಳಿದೆ. "ಈ ಸಲ ನನ್ನ ಹೆಸರನ್ನೂ ಹಾಕು, ಊರಿಗೆಲ್ಲ ಗೊತ್ತಿರೋದೇ," ಅಂದರು. ಆಮೇಲೆ ವಿಚಿಟಾಕ್ಕೆ ಬರೆದೆ. ಮಾತು ಕೊಟ್ಟಿದ್ದೇನೆ, ನೀನು ಬೇಡ ಅಂದರೆ ಹರಿದು ಹಾಕುತ್ತೇನೆ, ನಮ್ಮಿಬ್ಬರ ಬಗ್ಗೆ ಬರೆಯಲಾ?

ಒಂಬತ್ತು ದಿನ ಬಿಟ್ಟು ಉತ್ತರ ಬಂತು. ಎರಡೇ ಮಾತು.

"ಬರಿ. ಮುಗಿದ ಮೇಲೆ ಬಾ."

ಮುಗಿಯಿತು.