ಮಲಗಿದವಳ ಕಣ್ಣಳತೆ

"ಇಷ್ಟು ಕೆಳಗೆ ಯಾರಾದ್ರೂ ಮೊಳೆ ಹೊಡೀತಾರಾ?"

ಕೇಳಿದ್ದು ಗೋಡೆಯನ್ನು. ಫ್ರೇಮ್ ಅಂಗಡಿಯವಳು ಮಂಡಿಯೂರಿದ್ದಳು. ಮೊಳೆ ಅವಳ ಮೂಗಿನ ನೇರಕ್ಕಿತ್ತು. ಪಕ್ಕದಲ್ಲಿ ಅಷ್ಟೇ ಕೆಳಗೆ ಅವಳೇ ಕಟ್ಟು ಹಾಕಿಕೊಟ್ಟ ಚಿತ್ರಗಳು: ನೀರ ಮೇಲಿನ ತಾವರೆ, ಛತ್ರಿ ಹಿಡಿದ ಹೆಂಗಸು, ಮಂಜು ಮುಸುಕಿದ ಸೇತುವೆ. ಕೊನೆಯದು, ಹಿಮದ ಬೇಲಿಯ ಮೇಲೆ ಕೂತ ಒಂಟಿ ಹಕ್ಕಿ, ಅವಳ ತೊಡೆಯ ಮೇಲಿತ್ತು.

ಇಡೀ ವರ್ಷ ಔಷಧಿ ಅಂಗಡಿಯವನು ದೂರದಿಂದ ನೋಡಿದರಷ್ಟೇ ರೂಪ ತಳೆಯುವ ಈ ಇಂಪ್ರೆಷನಿಸ್ಟ್ ಪ್ರಿಂಟುಗಳ ನೆಪದಲ್ಲಿ ತನ್ನನ್ನು ನೋಡಲು ಬರುತ್ತಿದ್ದಾನೆಂದೇ ಅವಳು ನಂಬಿದ್ದಳು. ನಂಬದೆ ಇನ್ನೇನು? ಮೊದಲ ದಿನವೇ ಗಾಜಿಗೆ ಮೂಗು ತಾಗಿಸಿ, "ಏನ್ರೀ ಇದು, ಬಣ್ಣ ಚೆಲ್ಲಿದ ಹಾಗಿದೆ?" ಎಂದಿದ್ದ.

"ಮಾತ್ರೆ ಎಣಿಸೋ ಕಣ್ಣಲ್ಲಿ ನೋಡಿದ್ರೆ ಹಾಗೇ ಕಾಣೋದು, ಡಾಕ್ಟರೇ. ಹಿಂದೆ ಸರೀರಿ."

ಮೊಣಕೈ ಹಿಡಿದು ತಾನೇ ಸರಿಸಿದ್ದಳು. ಅವನು ತಾವರೆ ಬಿಟ್ಟು ಅವಳ ಬೆರಳುಗಳನ್ನೇ ನೋಡುತ್ತಿದ್ದ. ಕಣ್ಣು ಸಿಕ್ಕಿಬಿದ್ದಾಗ ಅವನ ಕಿವಿ ಕೆಂಪಾಗಿತ್ತು.

"ನಾನು ಡಾಕ್ಟರಲ್ಲ."

"ನಾನೂ ರೋಗಿಯಲ್ಲ ಬಿಡಿ."

ಅಂದಿನಿಂದ ಅವನು ಬರುವ ಸಂಜೆಗಳಲ್ಲಿ ಅವಳ ಅಳತೆ ತಪ್ಪುತ್ತಿತ್ತು. "ಯಾಕೇ, ಮೈಮೇಲೆ ಪ್ರಜ್ಞೆ ಇಲ್ವಾ?" ಎಂದು ಅಕ್ಕ ಗದರಿದರೂ ನಗುವೇ ಬರುತ್ತಿತ್ತು. ಇಂದು ಚಿತ್ರ ತೂಗುಹಾಕಲು ತನ್ನ ಮನೆಗೇ ಕರೆದಿದ್ದ. ಅಕ್ಕನ ನೀಲಿ ಓಲೆ ಕದ್ದು ಹಾಕಿಕೊಂಡು ಬಂದಿದ್ದಳು.

ಟೀ ಹಿಡಿದು ಬಾಗಿಲಲ್ಲಿ ನಿಂತವನು ಮೆಲ್ಲಗೆ ಹೇಳಿದ. "ಇಲ್ಲೊಂದು ಮಂಚ ಇತ್ತು. ಅವಳಿಗೆ ಏಳಕ್ಕಾಗ್ತಿರಲಿಲ್ಲ. ಮಲಗಿದಲ್ಲಿಂದ್ಲೇ ಕಾಣ್ಲಿ ಅಂತ ಮೊಳೆ ಹೊಡೆದೆ. ಚಿತ್ರ ತರೋಷ್ಟರಲ್ಲಿ..."

ಅವನ ಹೆಂಡತಿ ತೀರಿಕೊಂಡದ್ದು ಅವಳಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ಇವನ್ನೆಲ್ಲ ಆರಿಸಿದ್ದು?"

"ಅವಳೇ. ಪುಸ್ತಕದಲ್ಲಿ ಗುರುತು ಹಾಕಿಟ್ಟಿದ್ಲು."

ಇಡೀ ವರ್ಷದ ಆ ನಂಬಿಕೆ ಕಳಚಿಬಿತ್ತು. ಆದರೂ ಕೈ ಕೆಲಸ ಬಿಡಲಿಲ್ಲ. ಹಕ್ಕಿಯನ್ನು ತೂಗುಹಾಕಿ, ಓರೆ ತಿದ್ದಿ, ಗಾಜಿನ ಮೇಲಿದ್ದ ತನ್ನ ಬೆರಳ ಗುರುತನ್ನು ಒರೆಸಿದಳು.

ಅವನು ಬಂದು ಪಕ್ಕದಲ್ಲೇ ನೆಲಕ್ಕೆ ಕುಳಿತ. "ಮೊದಮೊದಲು ಬಂದಿದ್ದು ಅವಳಿಗೋಸ್ಕರಾನೇ. ಆಮೇಲೆ ನಿನ್ನ ನೋಡಕ್ಕೆ, ದೇವರಾಣೆ. ಇಲ್ಲೇ ಇದ್ದುಬಿಡು. ಈ ಮನೆ ನಿಂದೇ."

ಮೊದಲ ಸಲ 'ನೀನು' ಎಂದಿದ್ದ. ಎಷ್ಟು ಸಂಜೆ ಕಾದಿದ್ದಳು ಈ ಮಾತಿಗೆ! ಅವನ ಮುಖದಲ್ಲಿ ಸುಳ್ಳಿರಲಿಲ್ಲ. ಆದರೆ ಮಾತಾಡುತ್ತಲೇ ಅವನ ಅಂಗೈ ಮಂಚವಿದ್ದ ಕಡೆಯ ಬರಿ ನೆಲವನ್ನು ಸವರುತ್ತಿತ್ತು, ಹಾಸಿಗೆಯ ಸುಕ್ಕು ತೀಡುವವರ ಹಾಗೆ. ಅದು ಅವನಿಗೇ ತಿಳಿದಂತಿರಲಿಲ್ಲ.

"ಈ ಮನೇಲಿ ನಾನು ಎಲ್ಲಿ ನಿಂತ್ಕೊಳ್ಳಲಿ?" ಎಂದಳು.

"ಎಲ್ಲಿ ಬೇಕಾದ್ರೂ."

ಅಂಗೈ ಇನ್ನೂ ಸವರುತ್ತಲೇ ಇತ್ತು. ಅವಳು ಆ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದಳು. ಅವನು ಕೆಳಗೆ ನೋಡಿಕೊಂಡ, ಮುಖ ಬಾಡಿತು.

"ಹೂಂ ಅನ್ನು," ಎಂದ. "ಒಂದೇ ಒಂದು ಸಲ ಹೂಂ ಅನ್ನು."

ಅವಳ ಕಣ್ಣು ತುಂಬಿತ್ತು. ದನಿ ಅಲುಗಲಿಲ್ಲ.

"ಇಲ್ಲ. ಅನ್ನಲ್ಲ."