ಹೆಸರು ಅಳಿಸಿದವಳ ಅಫಿಡವಿಟ್ಟು

ಸ್ಕಾಂದರ್ ಮೊದಲ ಸಲ ನನ್ನ ಮೇಜಿನ ಮುಂದೆ ಬಂದು ನಿಂತದ್ದೇ ಜಗಳಕ್ಕೆ. ನಾನು ಕಾಲೇಜು ಪತ್ರಿಕೆಯ ಸಂಪಾದಕಿ. ಅವನ ಲೇಖನದಿಂದ ಒಂದು ಪ್ಯಾರಾ ಕತ್ತರಿಸಿದ್ದೆ.

"ಲೇಖನದ ಜೀವ ಇದ್ದದ್ದೇ ಅದರಲ್ಲಿ," ಅಂದ.

"ಇಡೀ ಲೇಖನದಲ್ಲಿ ಬೋರು ಹೊಡೆಸಿದ್ದೂ ಅದೇ," ಅಂದೆ.

ನಗು ಬಾರದಿರಲಿ ಅಂತ ತುಟಿ ಕಚ್ಚಿಕೊಂಡ. ಕಣ್ಣು ಮಾತ್ರ ಅವನ ಮಾತು ಕೇಳಲಿಲ್ಲ.

ಟ್ಯುನೀಷಿಯಾದ ಹುಡುಗ, ಅಮೆರಿಕದ ನಮ್ಮ ಓಹಾಯೋದಲ್ಲಿ ಮೀನುಗಳ ಬಗ್ಗೆ ಓದ್ತಿದ್ದ. ಬಾಂಬು ಮಾಡೋ ಕಂಪನಿಗಳಲ್ಲಿ ಕಾಲೇಜಿನ ದುಡ್ಡು ಹಾಕಬೇಡಿ ಅಂತ ಮೆಟ್ಟಿಲ ಮೇಲೆ ಧರಣಿ ಕೂತ, ಅದನ್ನೇ ನಮ್ಮ ಪತ್ರಿಕೆಯಲ್ಲಿ ಬರೆದ. ಆ ಜಗಳದ ದಿನದಿಂದ ದಿನಾ ಮಧ್ಯಾಹ್ನ ಬ್ರೆಡ್ಡಿಗೆ ಕೆಂಪು ಹರಿಸ್ಸಾ ಖಾರ ಸವರಿಕೊಂಡು ಬಂದು, ಅದರ ಜೊತೆ ನನ್ನ ತಲೆಯನ್ನೂ ತಿನ್ನೋನು. ನಾನೂ ಬಾಗಿಲ ಕಡೆ ನೋಡ್ತಾ ಕೂತಿರ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಮಾರ್ಚಿನಲ್ಲಿ ಧರಣಿ ಕೂತವರ ವೀಸಾಗಳು ರದ್ದಾಗತೊಡಗಿದವು. ಬೇರೆ ದೇಶದ ಹುಡುಗರು ಒಬ್ಬೊಬ್ಬರೇ ಬಂದು, ಪತ್ರಿಕೆಯ ವೆಬ್‌ಸೈಟಿನಲ್ಲಿರೋ ಹಳೇ ಲೇಖನಗಳಿಂದ ಹೆಸರು ತೆಗೀರಿ ಅಂತ ಫಾರಂ ಕೊಟ್ಟು ಹೋದರು. ಬರೆದವರೇ ಸಹಿ ಹಾಕಿ ಕೇಳದ ಹೊರತು ನಾವು ತೆಗೆಯೋ ಹಾಗಿಲ್ಲ. ಹನ್ನೊಂದು ಫಾರಂ ಬಂತು. ಈ ಮಹಾಶಯನದು ಬರಲಿಲ್ಲ.

"ಒಂದು ಸಹಿ ಕಣೋ. ಹಾಕಿದ್ರೆ ಕೈ ಸವೆದುಹೋಗುತ್ತಾ?"

"ನಾನು ತಪ್ಪೇನು ಬರೆದಿದ್ದೀನಿ?"

"ತಪ್ಪು ಅಂತ ಯಾರಂದ್ರು? ಹಿಡಿದು ವಿಮಾನ ಹತ್ತಿಸ್ತಾರೆ. ಆಮೇಲೆ ನಿನ್ನ ಸರಿಯನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೋ."

"ಇಲ್ಲಿ ಹುಟ್ಟಿದೆ ಅಂತ ಮಾತಾಡೋ ಹಕ್ಕು ನಿನಗೊಬ್ಬಳಿಗೇನಾ, ಕೋರಾ?"

ನನಗೆ ಕೋಪ ಬೇಕಾದಷ್ಟು ಬಂತು. ಮೂರು ವಾರ ಕೋಣನ ಮುಂದೆ ಕಿನ್ನರಿ ಬಾರಿಸಿದೆ. ಕೊನೆಗೆ ಒಂದು ಮಧ್ಯಾಹ್ನ ಹಾಳಾಗಿ ಹೋಗಲಿ ಅಂತ ನಾನೇ ಅವನ ಹೆಸರು ಅಳಿಸಿಬಿಟ್ಟೆ.

ನಾಲ್ಕೇ ದಿನಕ್ಕೆ ಅವನ ವೀಸಾ ರದ್ದಾದ ಪತ್ರ ಬಂತು. ಅವನು ಕೋರ್ಟಿಗೆ ಹೋದ. ನಾನು ಮಾಡಿದ ಉಪಕಾರ ಅಲ್ಲಿ ಉಲ್ಟಾ ಹೊಡೀತು.

"ಲೇಖನ ಬರೆದದ್ದಕ್ಕೇ ಇವರನ್ನ ಹೊರಗೆ ಹಾಕ್ತಿದ್ದಾರೆ ಅನ್ನೋದು ನಮ್ಮ ವಾದ," ಅಂದರು ಅವನ ಲಾಯರ್ ಹ್ಯಾಡಿಕ್ಸ್ ಮೇಡಂ, ತಮ್ಮ ಆಫೀಸಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು. "ಈಗ ನೋಡಿದ್ರೆ ಹೆಸರೇ ಇಲ್ಲ. ತಪ್ಪು ಒಪ್ಪಿಕೊಂಡು ಇವರೇ ತೆಗೆಸಿದ್ರು ಅಂತಾರೆ ಸರ್ಕಾರದ ವಕೀಲರು. ಯಾರು ತೆಗೆದದ್ದು?"

"ನಾನು," ಅಂದೆ.

ಸ್ಕಾಂದರ್ ನಿಧಾನಕ್ಕೆ ನನ್ನ ಕಡೆ ತಿರುಗಿದ. ಬೈದಿದ್ದರೆ ವಾಸಿಯಿತ್ತು.

"ನನ್ನ ಕೇಳದೇನೇ?"

"ಮೂರು ವಾರ ಕೇಳಿದೆನಲ್ಲ. ನೀನು ಬೇಡ ಅಂದೆ."

ಅವನ ಒಪ್ಪಿಗೆ ಇಲ್ಲದೆ, ನಿಯಮ ಮುರಿದು ನಾನೇ ತೆಗೆದೆ ಅಂತ ಅಫಿಡವಿಟ್ಟು ಬರೆದುಕೊಡಬೇಕಾಯ್ತು. ಅವನ ಹೆಸರು ವಾಪಸ್ ಹಾಕಿದ್ದೇ ಸಂಪಾದಕಿಯಾಗಿ ನನ್ನ ಕೊನೆಯ ಕೆಲಸ. ಅವತ್ತೇ ಕುರ್ಚಿ ಹೋಯ್ತು.

"ಯಾಕೆ ತೆಗೆದ್ರಿ ಅಂತಾನೂ ಬರೀರಿ," ಅಂದರು ಮೇಡಂ. "ಪ್ರಮಾಣ ಮಾಡಿ ಕೊಡೋದು, ಸುಳ್ಳು ನಡೆಯಲ್ಲ."

ಬರೆದೆ. ಸ್ಕಾಂದರ್ ಅದನ್ನ ಎರಡು ಸಲ ಓದಿದ. ಎರಡನೇ ಸಲಕ್ಕೆ ಅವನ ಕಿವಿ ಕೆಂಪಾಗಿತ್ತು.

"ನನ್ನ ಪ್ರೀತಿಸ್ತೀನಿ ಅಂತ ಜಡ್ಜಿಗೆ ಹೇಳ್ತಿದ್ದೀಯ. ನನಗೆ ಹೇಳಿಲ್ಲ."

"ಮೇಡಂ ಕೇಳಿದ್ರು, ಬರೆದೆ. ನೀನು ಏಳು ತಿಂಗಳು ಬರೀ ಮೀನಿನ ವಿಷಯ ಮಾತಾಡಿದೆ."

"ನನಗಿನ್ನೂ ನಿನ್ನ ಮೇಲೆ ಕೋಪ ಇದೆ."

"ಇರಲಿ. ನನಗೂ ಇದೆ."

ಗುರುವಾರ ವಿಚಾರಣೆ. ಅವನು ಉಳೀತಾನೋ ಹೋಗ್ತಾನೋ, ಅವತ್ತು ಗೊತ್ತಾಗುತ್ತೆ. ಮೇಜಿನ ಮೇಲಿದ್ದ ನನ್ನ ಕೈಯನ್ನ ಅವನು ಕೇಳದೇನೇ ಹಿಡ್ಕೊಂಡ. ಬೆರಳು ತಣ್ಣಗಿದ್ದವು.

"ಕಳಿಸಿಬಿಟ್ರೆ ಏನ್ಮಾಡ್ತೀಯ?"

"ಅಳ್ತೀನಿ, ನಿನಗೆ ಮನಸಾರೆ ಬೈತೀನಿ, ಆಮೇಲೆ ಟ್ಯುನೀಷಿಯಾಗೆ ಟಿಕೆಟ್ ತಗೋತೀನಿ."

"ಅದಕ್ಕೆ ಮುಂಚೆ ಬಾಯಿಬಿಟ್ಟು ಒಂದ್ಸಲ ಹೇಳು. ಕೋರ್ಟಿಗಲ್ಲ, ನನಗೆ."

ಹೇಳಿದೆ, ಲಾಯರ್ ಮೇಡಂ ಎದುರಿಗೇ.