ನೀರುಗೂಳಿಯ ಕೊಂಬಿಗೆ ಒಂದು ಒರೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕತೆಯನ್ನು ನಾನು ಚೆನ್ನಾಗಿ ಹೇಳಲಾರೆ. ಹಿಂದೆ ಕತೆ ಬರೆದವನಲ್ಲ. ಯಾರಿಗಾದರೂ ಅರ್ಥವಾಗದೆ ಹೋದೀತೆಂಬ ಹೆದರಿಕೆಯಿಂದ ಬೇಡದ್ದನ್ನೂ ಬಿಡಿಸಿ ಹೇಳಿದ್ದೇನೆ. ಬೇಸರವಾದರೆ ಆ ಸಾಲು ಹಾರಿಸಿ ಮುಂದೆ ಹೋಗಿ.

ಬಹಳ ಕಾಲದ ಹಿಂದೆ ಕೆಂಪಾರೆ ಎಂಬ ರಾಜ್ಯದಲ್ಲಿ ಬೊಪ್ಪರಸ ಎಂಬ ರಾಜಕುಮಾರನಿದ್ದ. ಅವನು ಮೂರನೆಯ ಮಗ. ಮೂರನೆಯ ಮಗನೆಂದರೆ ಪಟ್ಟವೂ ಇಲ್ಲ, ಕೆಲಸವೂ ಇಲ್ಲ ಎಂದರ್ಥ. ಅವನಿಗೆ ಮಲ್ಲಲೆ ಎಂಬ ತಂಗಿ ಇದ್ದಳು. ಅವಳ ನಾಲಿಗೆ ಬಹಳ ಚುರುಕು. ಅಣ್ಣನನ್ನು ಅಣಕಿಸದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಆ ಊರಿನ ಕೆರೆಯಲ್ಲಿ ಒಂದು ನೀರುಗೂಳಿ ಇತ್ತು. ನೀರುಗೂಳಿ ಎಂದರೆ ನೀರಿನಲ್ಲೇ ಬಾಳುವ, ಮಾತು ಬಲ್ಲ ಗೂಳಿ. ಕೆರೆಯನ್ನು ತನಗೆ ಬರೆದುಕೊಡಿ ಎಂದು ತಾಮ್ರಾಕ್ಷನೆಂಬ ಮಂತ್ರವಾದಿ ರಾಜನನ್ನು ಕೇಳಿದ. ರಾಜ ಕೊಡಲಿಲ್ಲ. ಆ ಸಿಟ್ಟಿಗೆ ತಾಮ್ರಾಕ್ಷ ಗೂಳಿಯ ಹಣೆಗೆ ಒಂದು ಕರಿಯ ಕೊಂಬು ಅಂಟಿಸಿದ. ಆ ಕೊಂಬು ತಾಗಿದ್ದೆಲ್ಲ ಕಲ್ಲಾಗುತ್ತಿತ್ತು.

ಅಂಟಿಸಿದವನು ಸುಮ್ಮನೆ ಹೋಗಲಿಲ್ಲ. ಕೆರೆಯ ಏರಿಯ ಮೇಲೆ ನಿಂತು ಜಂಬ ಕೊಚ್ಚಿದ. "ಬೆಳಗಿನಿಂದ ಬೈಗಿನವರೆಗೆ ಗೂಳಿಯನ್ನು ಬಯಲಲ್ಲೇ ನಿಲ್ಲಿಸಿ, ಈ ಕೊಂಬಿಗೆ ಬಿಸಿಲು ಬೀಳದಂತೆ ಮುಚ್ಚಿಡಿ, ಕಲ್ಲಾದವರು ಎದ್ದು ಬರುತ್ತಾರೆ. ಒಂದು ವರ್ಷ ಗಡುವು. ಆಮೇಲೆ ಅವರು ಕಲ್ಲೇ!"

ಮರುದಿನವೇ ಮಲ್ಲಲೆ ಗೂಳಿಯ ಹಣೆ ಸವರಲು ಹೋಗಿ ಕಲ್ಲಾದಳು. ಕೊಡ ಸೊಂಟದಲ್ಲಿತ್ತು, ಕೈ ಮುಂದೆ ಚಾಚಿತ್ತು. ಅವಳ ಬಳಿಕ ಕೊಂಬು ಮುಚ್ಚಲು ಹೋದ ಇನ್ನೂ ಹನ್ನೊಂದು ಮಂದಿ ಕಲ್ಲಾದರು. ಕೊಂಬಿಗೆ ಕಂಬಳಿ ಹೊದಿಸಿದರು, ಮಡಕೆ ಕವುಚಿದರು. ಎಲ್ಲವೂ ಕಲ್ಲಾಗಿ ಪುಡಿಯಾದವು.

ಬೊಪ್ಪರಸನಿಗೆ ಅರಮನೆಯಲ್ಲಿ ಕೂರಲಾಗಲಿಲ್ಲ. ಬೀದಿಯ ತುದಿಯಲ್ಲಿ ದುರುಗವ್ವ ಎಂಬಾಕೆ ಮೆಟ್ಟು ಹೊಲಿಯುತ್ತಿದ್ದಳು. ಅಲ್ಲಿ ಹೋಗಿ ಕೂತ. ಕೂತವನು ಒಂದು ತುಂಡು ತೊಗಲು ಎತ್ತಿಕೊಂಡ, ದಬ್ಬಣ ಹಿಡಿದ. ದುಡಿಮೆಗಾಗಿ ಅಲ್ಲ, ಬರೀ ಹವ್ಯಾಸಕ್ಕೆ. ಕೈ ಆಡುತ್ತಿದ್ದರೆ ಮನಸ್ಸು ಸುಮ್ಮನಿರುತ್ತಿತ್ತು.

"ಏನ್ ದೊರೆಮಗನೇ, ತೊಗಲು ಹೊಲೀತೀಯೋ, ಬೆರಳು ಹೊಲೀತೀಯೋ?" ಎಂದು ದುರುಗವ್ವ ನಗುತ್ತಿದ್ದಳು.

ಹೀಗೆ ದಿನ ಕಳೆದು ಗಡುವಿಗೆ ಒಂಬತ್ತು ದಿನ ಉಳಿಯಿತು. ಬೊಪ್ಪರಸ ಕೆರೆಗೆ ಹೋಗಿ ದೂರದಿಂದಲೇ ಗೂಳಿಯನ್ನು ಕೇಳಿದ. "ಎಲ್ಲವನ್ನೂ ಕಲ್ಲು ಮಾಡುವ ಕೊಂಬು ನಿನ್ನ ಹಣೆಯ ಚರ್ಮವನ್ನೇಕೆ ಮಾಡಲಿಲ್ಲ?"

ಗೂಳಿ ಹೇಳಿತು. "ಚರ್ಮ ಸಂದಿಲ್ಲದೆ ಅಂಟಿಕೊಂಡಿದೆ. ಅದಕ್ಕೇ ಕೊಂಬು ಅದನ್ನು ತನ್ನದೇ ಮೈ ಎಂದುಕೊಂಡಿದೆ. ನಾನು ಯಾರನ್ನೂ ತಿವಿದವನಲ್ಲಪ್ಪ. ನಿನ್ನ ತಂಗಿ ಪ್ರೀತಿಯಿಂದ ಬಂದಳು, ನನಗೆ ಹಿಂದೆ ಸರಿಯಲು ಹೊತ್ತಾಗಲಿಲ್ಲ."

ಹಾಗಾದರೆ ಕೊಂಬಿಗೆ ಬೇಕಾದದ್ದು ಹೊದಿಕೆಯಲ್ಲ, ಒರೆ. ಕತ್ತಿಗೆ ಒರೆ ಇರುತ್ತದಲ್ಲ, ಹಾಗೆ. ಬೊಪ್ಪರಸ ಅಲ್ಲಿಯವರೆಗೆ ಒಂದು ಒರೆಯನ್ನೂ ಹೊಲಿದಿರಲಿಲ್ಲ.

ದೂರದಿಂದ ಕೋಲು ಹಿಡಿದು ಅಳತೆ ತೆಗೆದ. ಆ ಅಳತೆಗೆ ಸರಿಯಾಗಿ ಕತ್ತರಿಸಿ ಹೊಲಿದ. ಉದ್ದನೆಯ ಕೋಲಿನಿಂದ ಸಿಕ್ಕಿಸಲು ಹೋದರೆ ಒರೆ ಅರ್ಧಕ್ಕೇ ನಿಂತು ಕಲ್ಲಾಗಿ ಒಡೆಯಿತು.

"ತೊಗಲಿಗೂ ದಪ್ಪ ಇರ್ತದೆ, ಹೊಲಿಗೆಗೂ ಜಾಗ ಬೇಕು. ಅದನ್ನ ಯಾರಪ್ಪ ಲೆಕ್ಕ ಹಿಡೀತಾನೆ?" ಎಂದಳು ದುರುಗವ್ವ.

ಎರಡನೆಯದನ್ನು ಎರಡು ಬೆರಳು ಹೆಚ್ಚು ಬಿಟ್ಟು ಹೊಲಿದ. ಅದು ಸಲೀಸಾಗಿ ಒಳಗೆ ಹೋಯಿತು. ಗೂಳಿ ತಲೆ ಅಲ್ಲಾಡಿಸಿದಾಗ ಒರೆಯೂ ಅಲ್ಲಾಡಿತು. ಸಂದಿ ಇತ್ತು, ಕಲ್ಲಾಗಿ ಒಡೆಯಿತು. ನಾಲ್ಕು ದಿನ ಮುಗಿದವು.

"ಒದ್ದೆ ತೊಗಲನ್ನ ಅಚ್ಚಿನ ಮೇಲೆ ಬಿಗಿದು ಒಣಗಿಸಿದ್ರೆ ಕೂದಲೆಳೆ ಸಂದಿ ಇರಲ್ಲ," ಎಂದಳು ದುರುಗವ್ವ. "ಮೆಟ್ಟಿಗೆ ಕಾಲಿನ ಅಚ್ಚಿದೆ. ಆ ಕೊಂಬಿನ ಅಚ್ಚು ಎಲ್ಲಿಂದ ತರ್ತೀಯ?"

ಬೊಪ್ಪರಸ ಕೆರೆಗೆ ಹೋಗಿ, ಗೂಳಿಯ ಗೊರಸು ಅಚ್ಚೊತ್ತಿದ್ದ ಅಂಚಿನ ಕೆಸರನ್ನು ನೋಡಿದ. ಕೂಡಲೇ ಕೂಗಿದ. "ಗೂಳಿಯಣ್ಣಾ, ಆ ಕೆಸರಿಗೆ ಕೊಂಬು ಬುಡದವರೆಗೂ ಊರು. ನೆಟ್ಟಗೆ ಊರಿ ನೆಟ್ಟಗೆ ತೆಗೆ."

ಗೂಳಿ ಊರಿತು, ತೆಗೆಯಿತು. ಕೊಂಬು ತಾಗಿದ ಕೆಸರು ಕಲ್ಲಾಯಿತು. ಆ ಕಲ್ಲಿನ ನಡುವೆ ಕೊಂಬಿನದೇ ಆಕಾರದ ಗುಂಡಿ ಉಳಿಯಿತು. ಬೊಪ್ಪರಸ ಅದಕ್ಕೆ ಕರಗಿಸಿದ ಜೇನುಮೇಣ ಹೊಯ್ದ. ಮೇಣ ಆರಿದ ಮೇಲೆ ಕಲ್ಲನ್ನು ಒಡೆದರೆ ಒಳಗೆ ಮೇಣದ ಕೊಂಬು ಇತ್ತು, ಗೀರು ಸಮೇತ.

"ಅಯ್ಯೋ ಕಳ್ಳ! ನಲವತ್ತು ವರ್ಷ ಹೊಲಿದ ನನಗೆ ಹೊಳೀಲಿಲ್ವಲ್ಲೋ," ಎಂದಳು ದುರುಗವ್ವ.

ಅದರ ಮೇಲೆ ಒದ್ದೆ ತೊಗಲು ಬಿಗಿದು ಹೊಲಿದ. ಬಿಸಿಲಿಗಿಟ್ಟರೆ ಮೇಣ ಕರಗುತ್ತದೆ, ಆದ್ದರಿಂದ ನೆರಳಿನಲ್ಲಿ ನಾಲ್ಕು ದಿನ ಒಣಗಿಸಿದ. ಗಡುವಿನ ಕೊನೆಯ ದಿನ, ಸೂರ್ಯ ಮೂಡುವ ಮುಂಚೆ, ಮೇಣ ತೆಗೆದು ಒರೆಯನ್ನು ಕೋಲಿನ ತುದಿಗಿಟ್ಟು ಒಂದೇ ಸಲಕ್ಕೆ ಕೊಂಬಿಗೆ ಏರಿಸಿದ. ಅದು ಕಲ್ಲಾಗಲಿಲ್ಲ.

ಹೊತ್ತು ಏರಿತು. ಎಂಟನೆಯ ಹೊಲಿಗೆ ಮೊದಲಿಂದಲೂ ಸೊಟ್ಟಗಿತ್ತು. ಮಧ್ಯಾಹ್ನದ ಕಾವಿಗೆ ತೊಗಲು ಬಿಗಿದು ಆ ಹೊಲಿಗೆ ಪಟ್ಟೆಂದು ಕಿತ್ತಿತು, ಉಳಿದ ತೊಗಲು ಮಾತ್ರ ಕೊಂಬಿಗೆ ಅಂಟಿಯೇ ಇತ್ತು. ಬಿಸಿಲು ಒಳಗೆ ಇಣುಕುವ ಮೊದಲೇ ಬೊಪ್ಪರಸ ಓಡಿಬಂದು ಹೆಬ್ಬೆರಳಿನಿಂದ ಸಂದಿ ಮುಚ್ಚಿದ.

"ಕೈ ತೆಗಿ ಮಾರಾಯ, ಕಲ್ಲಾಗ್ತೀಯ!" ಎಂದಿತು ಗೂಳಿ.

"ನೀನು ತಲೆ ಅಲ್ಲಾಡಿಸಬೇಡ, ಅಷ್ಟು ಸಾಕು."

ಬೆರಳು ಕಲ್ಲಾಯಿತು. ಸಂದಿ ಕೂದಲೆಳೆಯಷ್ಟೇ ಇದ್ದುದರಿಂದ ಕಲ್ಲು ಒಂದೇ ಸಲಕ್ಕೆ ಮೈಗೆ ಹಬ್ಬದೆ ಇರುವೆಯಂತೆ ಏರಿತು. ಮಣಿಕಟ್ಟಿಗೆ ಬಂತು, ಮೊಣಕೈಗೆ ಬಂತು. ತೆಗೆಯೋಣವೆಂದು ಅವನಿಗೂ ಅನ್ನಿಸಿತು. ಎದುರಿಗೆ ತಂಗಿಯ ಚಾಚಿದ ಕೈ ಕಾಣುತ್ತಿತ್ತು. ತೆಗೆಯಲಿಲ್ಲ. ಕಲ್ಲು ಭುಜ ದಾಟಿ ಕುತ್ತಿಗೆ ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿದ.

ಕಲ್ಲಾದವರೆಲ್ಲ ಎದ್ದರು. ಅವನ ತೋಳೂ ಬಿಸಿಯಾಯಿತು. ಮಲ್ಲಲೆ ಚಾಚಿದ ಕೈಯಿಂದ ಗೂಳಿಯ ಹಣೆ ಸವರಿ, ಒರೆಯನ್ನು ನೋಡಿ ಕೇಳಿದಳು. "ಇದನ್ನ ಯಾರು ಹೊಲಿದದ್ದು, ಕೋಳಿ ಕೆರೆದ ಹಾಗಿದೆ?"

ಬೊಪ್ಪರಸ ಅಳುತ್ತ ನಕ್ಕ. "ನಾನೇ ಕಣೇ."

"ಅದಕ್ಕೇ ಮತ್ತೆ!"

ಅಷ್ಟರಲ್ಲಿ ತಾಮ್ರಾಕ್ಷ ಹಲ್ಲು ಕಡಿಯುತ್ತ ಕೆರೆಯ ಏರಿಯಿಂದ ಇಳಿದು ಬಂದ. "ನನ್ನ ಕೊಂಬು ನನಗೆ ಕೊಡಿ!" ಎಂದು ಎರಡೂ ಕೈಯಿಂದ ಒರೆ ಹಿಡಿದು ಜಗ್ಗಿದ. ಅಂಟಿಸಿದವನ ಕೈಗೆ ಕೊಂಬು ಬುಡಸಮೇತ ಕಿತ್ತುಬಂತು. ಬುಡಕ್ಕೆ ಒರೆ ಇರಲಿಲ್ಲವಲ್ಲ, ಅದು ಅವನ ಎದೆಗೆ ತಾಗಿತು. ಅವನು ಬಾಯಿ ತೆರೆದೇ ಕಲ್ಲಾದ, ಕೊಂಬು ಆ ಕಲ್ಲಿನೊಳಗೇ ಹುದುಗಿಹೋಯಿತು. ಊರ ಹೆಂಗಸರು ಮರುದಿನದಿಂದ ಅವನ ಮೇಲೆ ಬಟ್ಟೆ ಒಗೆಯತೊಡಗಿದರು.

ಕೊಂಬು ಯಾರಿಗೆ ತಾಗೀತೋ ಎಂಬ ಹೆದರಿಕೆಯಲ್ಲಿ ಕಣ್ಣು ಮುಚ್ಚದಿದ್ದ ಗೂಳಿ ಹನ್ನೆರಡು ತಿಂಗಳ ನಿದ್ದೆಯನ್ನು ಒಟ್ಟಿಗೇ ಮಾಡಿತು. ಕೆರೆಯ ನೀರು ಎಲ್ಲರಿಗೂ ಸಿಕ್ಕಿತು. ಕೆಂಪಾರೆಯವರು ಹಸಿವೆಗೆ ಉಂಡು, ದಣಿವಿಗೆ ಮಲಗಿ, ಹಾಯಾಗಿ ಬಾಳಿದರು. ಬೊಪ್ಪರಸ ತೊಗಲಿನ ಕೆಲಸ ಬಿಡಲಿಲ್ಲ.

ಎಂಟನೆಯ ಹೊಲಿಗೆ ಏಕೆ ಕಿತ್ತಿತು ಎಂಬುದನ್ನು ಮಾತ್ರ ಸ್ವಲ್ಪ ವಿವರಿಸಬೇಕು. ಎರಡು ಸೂಜಿ ಹಿಡಿದು ಹೊಲಿಯುವಾಗ ಎಡಗೈ ದಾರ ಯಾವಾಗಲೂ ಮೇಲೆ ಬರಬೇಕು, ಬಲಗೈ ದಾರ ಕೆಳಗೆ, ಅದು ಏಕೆಂದರೆ... ಬಂದೆ, ಬಂದೆ! ಒಳಗಿನಿಂದ ಕರೆಯುತ್ತಿದ್ದಾರೆ, ಎದ್ದೆ.